ಸುಳ್ಳು ಬೆಸುಗೆ

ಗಡಿಯಾರದವನು ಬೆಸುಗೆ ತಂತಿಯನ್ನು ಮತ್ತೊಮ್ಮೆ ಕಾದ ಬೆಸುಗೆ ಐರನ್ನಿನ ತುದಿಗೆ ಒತ್ತಿದ. ತಂತಿ ಕರಗಿತು, ಆದರೆ ಹತ್ತಲಿಲ್ಲ. ಸಣ್ಣ ಗುಂಡಾಗಿ ಉರುಳಿ, ಮೇಜಿನ ಹಲಗೆಯ ಮೇಲೆ ಬಿದ್ದು, ಚುರ್ ಎಂದು ಒಂದು ಚುಕ್ಕೆ ಸುಟ್ಟು ತಣ್ಣಗಾಯಿತು. ಅವನು ತುದಿಯನ್ನು ಒದ್ದೆ ಸ್ಪಂಜಿಗೆ ಉಜ್ಜಿದ. ಹಬೆ ಎದ್ದಿತು. ಕನ್ನಡಕವನ್ನು ಹಣೆಗೇರಿಸಿ ಐರನ್ನನ್ನು ಕಣ್ಣಿನ ಹತ್ತಿರ ಹಿಡಿದ. ತುದಿ ಇದ್ದಿಲಿನ ಹಾಗೆ ಕಪ್ಪಗಿತ್ತು. ಅಲ್ಲಲ್ಲಿ ಹಕ್ಕಳೆ ಎದ್ದಿತ್ತು.

ಪಕ್ಕದ ನಡುಮನೆಯಲ್ಲಿ ಅವನ ಗೆಳೆಯ ಹೊಗೆಯಣ್ಣ ಹೆಣವಾಗಿ ಮಲಗಿದ್ದ. ಕಿಟಕಿ ಮುಚ್ಚಿ ಕತ್ತಲಾಗಿದೆ ಎಂದು ಯಾರೋ ತಲೆಯ ಹತ್ತಿರ ಒಂದು ಮೇಜುದೀಪ ಇಟ್ಟಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಅದು ಎರಡು ಸಲ ಕಣ್ಣು ಮಿಟುಕಿಸಿ ಆರಿಹೋಗಿತ್ತು. "ಹೊಗೆಯಣ್ಣನ ಮನೇಲೇ ದೀಪ ಕೆಡೋದಾ!" ಎಂದು ಮುದುಕನೊಬ್ಬ ಅಂದಿದ್ದ. ಬಂದವರೆಲ್ಲ ಗಡಿಯಾರದವನ ಮುಖ ನೋಡಿದ್ದರು. ಅವನೇ ದೀಪ ಎತ್ತಿಕೊಂಡು ಹಿಂದಿನ ಕೋಣೆಗೆ ಬಂದಿದ್ದ.

ದೀಪದ ಬುಡವನ್ನು ಬಿಚ್ಚಿ ಒಳಗಿನ ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದ. ಹುಳುಕು ಹಲ್ಲಿನ ಹಾಗೆ ಕಿತ್ತುಕೊಂಡು ಬಂತು. ಬೆಸುಗೆ ಬೂದುಬಣ್ಣಕ್ಕಿತ್ತು, ಮರಳು ಮರಳಾಗಿತ್ತು.

"ಅತ್ತಿಗೆ," ಅಂದ ತಿರುಗಿ ನೋಡದೆ. ಹೊಗೆಯಣ್ಣನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದು ಅವನಿಗೆ ಗೊತ್ತಾಗಿತ್ತು. "ಈ ದೀಪ ಯಾರು ರಿಪೇರಿ ಮಾಡಿದ್ದು?"

"ಇನ್ಯಾರು ಮಾಡ್ತಾರೆ?"

"ಇದು ಅವನ ಕೈ ಅಲ್ಲ."

"ಅವರದೇ."

ಗಡಿಯಾರದವನು ಐರನ್ನಿನ ತುದಿಯನ್ನು ಆಕೆಯ ಕಡೆ ತಿರುಗಿಸಿದ. "ಹಾಗಾದ್ರೆ ಇದು ಯಾವಾಗಿಂದ ಹೀಗಿದೆ?"

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಮತ್ತೆ ಬಿಚ್ಚಿದಳು.

*

ಗೆಳೆಯರಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದ ಕಾಲದಲ್ಲಿ ಹೊಗೆಯಣ್ಣನಿಗೆ ಈ ಬೆಸುಗೆಯ ಹುಚ್ಚು ಹತ್ತಿತ್ತು. ಒಬ್ಬ ಗಡಿಯಾರದ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ, ಇನ್ನೊಬ್ಬ ಚಪ್ಪಲಿ ಅಂಗಡಿಗೆ ಆಗ ತಾನೆ ಸೇರಿದ್ದ. ಹಗಲೆಲ್ಲ ಮೋಟು ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಪಾದ ಹಿಡಿದು ಅಳತೆ ನೋಡಿ, ಶೂ ತೊಡಿಸಿ, "ಒಂದು ಸಲ ನಡೆದು ನೋಡಿ ಸಾರ್" ಎಂದು ತಲೆಯೆತ್ತಿ ಹೇಳುವ ಕೆಲಸ. ಸಂಜೆ ಕೋಣೆಗೆ ಬಂದರೆ ಮೇಜಿನ ಎದುರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. "ಇಲ್ಲಿ ಕೂತಾಗ ಮಾತ್ರ ಕಣೋ ನನಗೆ ಜನರ ಮುಖ ನೆನಪಾಗೋದು, ಅಲ್ಲಿ ಬರೀ ಕಾಲಿನ ಹೆಬ್ಬೆಟ್ಟು," ಎಂದು ನಗುತ್ತಿದ್ದ.

ಮೊದಲು ತಂದ ಐರನ್ನಿನ ತುದಿ ಸ್ವಲ್ಪ ಮಂಕಾಗಿದೆ ಎಂದು ಗಡಿಯಾರದವನು ಒಂದು ದಿನ ತನ್ನ ಅರದಿಂದ ತಿಕ್ಕಿ ಫಳಫಳ ಮಾಡಿಟ್ಟ. ಮೆಚ್ಚುಗೆಗೆ ಕಾದು ಕೂತಿದ್ದವನಿಗೆ ಸಿಕ್ಕಿದ್ದು ಬೈಗುಳ.

"ಅಯ್ಯೋ ಪುಣ್ಯಾತ್ಮ, ಅದರ ಚರ್ಮಾನೇ ಸುಲಿದಿಟ್ಟಿದೀಯಲ್ಲೋ!"

"ಹೊಳೀತಿದೆ ನೋಡು."

"ಹೊಳಪು ಬೇರೆ, ಕಲಾಯಿ ಬೇರೆ. ಒಳಗಿರೋದು ಬರೀ ತಾಮ್ರ. ಇನ್ನು ಬೆಸುಗೆಯ ಸೀಸ ಅದನ್ನ ತಿಂದು ಹಾಕುತ್ತೆ."

ಹಾಗೇ ಆಯಿತು. ತುದಿ ಇಲಿ ಕಡಿದ ಹಾಗೆ ಗುಳಿಬಿದ್ದು ಹಾಳಾಯಿತು. ಅಲ್ಲಿಂದ ಮುಂದೆ ಗಡಿಯಾರದವನು ಐರನ್ ಮುಟ್ಟುವ ಮುಂಚೆ ಪಾಠ ಒಪ್ಪಿಸಬೇಕಾಗಿತ್ತು: ಕತ್ತಿನ ಲೋಹ ಹಳದಿಯಾದರೆ, ನೀಲಿಯಾದರೆ, ನೇರಳೆಯಾದರೆ ಹೆದರಬಾರದು, ಅದು ಬಿಸಿಯ ಬಣ್ಣ. ಕಪ್ಪು ಮಾತ್ರ ಮೂತಿಗೆ ಬರಬಾರದು. ಸುಮ್ಮನೆ ಉರಿಯಲು ಬಿಡಬಾರದು. ಒರೆಸಿ ಹಾಗೇ ಮಲಗಿಸಬಾರದು. ಮೂತಿಗೆ ಹೊಸ ಸೀಸದ ಹೊದಿಕೆ ಹೊದಿಸಿಯೇ ಆರಿಸಬೇಕು.

"ಮಗೂನ ಮಲಗಿಸಿದ ಹಾಗೆ," ಎಂದು ಗಡಿಯಾರದವನು ಅಣಕಿಸುತ್ತಿದ್ದ.

"ನಗು ನಗು. ಮೂತಿ ಕಪ್ಪಾದ್ರೆ ಬಿಸಿ ದಾಟಲ್ಲ. ಬಿಸಿ ದಾಟದಿದ್ರೆ ಸೀಸ ಮೇಲೆ ಕೂರುತ್ತೆ, ಒಳಗೆ ಹಿಡಿಯಲ್ಲ. ನೋಡೋಕೆ ಅಂಟಿದ ಹಾಗೇ ಇರುತ್ತೆ. ದೀಪ ಹತ್ತುತ್ತೆ, ರೇಡಿಯೊ ಹಾಡುತ್ತೆ. ಆಮೇಲೊಂದು ದಿನ, ಯಾರೂ ಮುಟ್ಟದೆ ಇದ್ದಾಗ..." ಅವನು ಬೆರಳು ಬಿಡಿಸಿ ತೋರಿಸುತ್ತಿದ್ದ. "ಅದಕ್ಕೆ ಸುಳ್ಳು ಬೆಸುಗೆ ಅಂತೀನಿ ನಾನು."

ಮದುವೆಯಾಗಿ ಈ ಬೀದಿಗೆ ಬಂದ ಮೇಲೆ ಹಿಂದಿನ ಕೋಣೆಯ ಕಿಟಕಿಯಿಂದ ಸಂಜೆ ಸಂಜೆ ಬೆಸುಗೆಯ ರಾಳದ ಹೊಗೆ ಎಳೆಯಾಗಿ ಹೊರಡುತ್ತಿತ್ತು. ಹಾಗಾಗಿ ಹೊಗೆಯಣ್ಣ. ಅವನಿಗಿಂತ ದೊಡ್ಡವರೂ ಅಣ್ಣ ಎನ್ನುತ್ತಿದ್ದರು. ಮಕ್ಕಳಾಗಲಿಲ್ಲ. ಬೀದಿಯವರು ಕೆಟ್ಟದ್ದನ್ನೆಲ್ಲ ತಂದು ಅವನ ಬಾಗಿಲಲ್ಲಿ ಇಡುತ್ತಿದ್ದರು, ಅವನು ಹಬ್ಬ ಬಂದ ಹಾಗೆ ಎತ್ತಿಕೊಳ್ಳುತ್ತಿದ್ದ.

*

ನಡುಮನೆಯಲ್ಲಿ ಮಾತು ಅದೇ ಆಗಿತ್ತು.

"ನಮ್ಮ ನೀರು ಕಾಯಿಸೋ ಹೀಟರು ಹೋದ ತಿಂಗಳಷ್ಟೇ ಮಾಡಿಕೊಟ್ರು," ಎಂದಳು ಮೂಲೆಮನೆಯವಳು, ಮೂಗೊರೆಸಿಕೊಳ್ಳುತ್ತ. "ಕಣ್ಣು ಮಂಜು ಅಂತಿದ್ರು, ಆದ್ರೂ ಕೈ ಬಿಡ್ಲಿಲ್ಲ ಪಾಪ."

"ನಮ್ಮ ಇಸ್ತ್ರಿಪೆಟ್ಟಿಗೆ ಮೊನ್ನೆ ಮೊನ್ನೆ," ಎಂದ ಇನ್ನೊಬ್ಬ.

"ನಮ್ಮ ಮಗಳ ಕೋಣೆ ಫ್ಯಾನು. ತೊಟ್ಟಿಲ ಮೇಲೇ ಇದೆ. ಹಾಕಿದಾಗಲೆಲ್ಲ ಅವರದೇ ನೆನಪು," ಎಂದ ಮತ್ತೊಬ್ಬ.

ಸರಿಮಾಡಲಾಗದ ದೀಪವನ್ನು ಕೈಯಲ್ಲಿ ಹಿಡಿದುಕೊಂಡು ಬಂದ ಗಡಿಯಾರದವನು ಬಾಗಿಲಲ್ಲೇ ನಿಂತ. ಒಂದೊಂದು ಹೊಗಳಿಕೆ ಕೇಳಿದಾಗಲೂ ಅವನ ಕಣ್ಣು ಹೊಗೆಯಣ್ಣನ ಹೆಂಡತಿಯತ್ತ ಹೋಗುತ್ತಿತ್ತು. ಆಕೆ ಗಂಡನ ಕಾಲಿನ ಹತ್ತಿರ ಕೂತು ನೆಲ ನೋಡುತ್ತಿದ್ದಳು.

ಎದುರು ಮನೆಯ ಡ್ರೈವರ್ ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ತೆಗೆದು ಎಲ್ಲರಿಗೂ ತೋರಿಸಿದ. ಅವನ ತಾಯಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ಮಲಗಿದ್ದರು. ಒಂದು ಕಾಲಕ್ಕೆ ಅವರ ಕೂಗಿಗೆ ಇಡೀ ಶಾಲೆ ಸಾಲು ನಿಲ್ಲುತ್ತಿತ್ತು. ಈಗ ದನಿ ಪಿಸುಮಾತಿಗಿಂತ ಮೇಲೇಳದು. ಬೀದಿಗೆಲ್ಲ ಟೀಚರಮ್ಮ.

"ಅಮ್ಮನ ಕೈಗೆ ಈಚೆಗೆ ಒಂದು ಗುಂಡಿ ಮಾಡಿಕೊಟ್ಟಿದಾರೆ. ಅಲ್ಲಿ ಒತ್ತಿದ್ರೆ ಇದು ಕೂಗುತ್ತೆ. ಇದೊಂದು ಆದ ಮೇಲೆ ನಾನೂ ಇವಳೂ ಒಟ್ಟಿಗೆ ಮನೆಯಿಂದ ಹೊರಗೆ ಕಾಲಿಡೋ ಹಾಗಾಯ್ತು. ಇಲ್ಲಾಂದ್ರೆ ಇವತ್ತು ಹೇಗೆ ಬರ್ತಿದ್ವಿ?" ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿದ. "ಅಮ್ಮಂಗೆ ವಿಷಯ ಹೇಳಿಲ್ಲ. ಎದೆ ತಡಕೊಳ್ಳಲ್ಲ ಅಂತ."

ಡಬ್ಬಿಯನ್ನು ಅವನು ಹೆಂಡತಿಯ ಕೈಗಿತ್ತ. ಹೆಣ ಮಣ್ಣಿಗೆ ಹೊರಟ ಮೇಲೆ, ಅವಳು ಇಲ್ಲೇ ಇದ್ದು ಮನೆ ತೊಳೆದಿಡುವುದು ಎಂದು ಮಾತಾಗಿತ್ತು.

ಹೊಗೆಯಣ್ಣನ ಹೆಂಡತಿ ಎದ್ದು ಹಿಂದಿನ ಕೋಣೆಗೆ ಹೋದಳು. ಗಡಿಯಾರದವನು ಹಿಂದೆಯೇ ಹೋದ.

"ಹೇಳಿಬಿಡ್ತೀನಿ," ಎಂದಳು ಆಕೆ. "ಈಗಲೇ ಹೇಳಿಬಿಡ್ತೀನಿ."

"ಏನಂತ ಹೇಳ್ತೀರ? ಹೆಣ ಮುಂದಿಟ್ಕೊಂಡು? ಅವನು ಮಾಡಿಕೊಟ್ಟಿದ್ದೆಲ್ಲ ಕಸ ಅಂತಾನಾ?"

"ಆ ಫ್ಯಾನು ತೊಟ್ಟಿಲ ಮೇಲಿದೆಯಂತೆ."

"ಇಷ್ಟು ದಿನ ಕಿಡಿ ಹಾರಲಿಲ್ಲ, ಇನ್ನು ಎರಡು ಗಳಿಗೆಗೆ ಏನಾಗಲ್ಲ. ಇವತ್ತು ಇವನು ಹೊಗೆಯಣ್ಣನಾಗೇ ಹೋಗಲಿ. ಮಣ್ಣು ಮಾಡಿ ಬಂದ ತಕ್ಷಣ ನಾನೇ ಮನೆ ಮನೆಗೆ ಹೋಗ್ತೀನಿ. ನೋಡ್ಕೊಡ್ತೀನಿ ತನ್ನಿ ಅಂತ ಎಲ್ಲಾನೂ ಈಸ್ಕೋತೀನಿ. ಯಾಕೆ ಏನು ಅಂತ ಯಾರಿಗೂ ಗೊತ್ತಾಗಲ್ಲ."

ಆಕೆ ಮೇಜಿನ ಅಂಚನ್ನು ಹಿಡಿದು ನಿಂತಳು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಯಾರೋ "ಹೊತ್ತಾಯ್ತು, ಎತ್ತೋಣ್ವಾ?" ಎಂದು ಕೇಳಿದರು.

ಆಕೆ ಹೂಂ ಎಂದಳು. ಯಾರ ಮಾತಿಗೆ ಹೂಂ ಅಂದಳೋ ಆಕೆಗೇ ತಿಳಿಯಲಿಲ್ಲ.

*

ಹೊಗೆಯಣ್ಣನ ಕಣ್ಣಿನಲ್ಲಿ ಮಸುಕು ಬಿದ್ದದ್ದು ಅಂಚಿನಿಂದಲ್ಲ, ನಟ್ಟನಡುವಿನಿಂದ. ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ನಿಂತವರ ಮುಖ ಕಾಣುತ್ತಿರಲಿಲ್ಲ. ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, ದೀಪ ಆರಿಸಿ, ಇದಕ್ಕೆ ಮಾಡುವಂಥದ್ದು ಏನೂ ಇಲ್ಲ ಅಂದರು. ಅಂಗಡಿ ಕೆಲಸ ಬಿಟ್ಟ. ಮೇಜು ಬಿಡಲಿಲ್ಲ.

"ಬೆರಳಿಗೆ ದಾರಿ ಗೊತ್ತು," ಅನ್ನುತ್ತಿದ್ದ. ಗೊತ್ತಿಲ್ಲದ್ದು ಒಂದೇ, ತುದಿಯ ಬಣ್ಣ. ಅದಕ್ಕೆ ಹೆಂಡತಿ ಬೇಕು. ಸಂಜೆ ಐರನ್ ಕಾದ ಮೇಲೆ ಅಡುಗೆಮನೆಯ ಕಡೆಗೆ ಕೂಗು ಹಾಕುತ್ತಿದ್ದ.

"ಏ, ಇಲ್ಬಾರೆ. ನೋಡು, ಹೊಳೀತಿದೆಯಾ?"

ಮೊದಮೊದಲು ಹೊಳೆಯುತ್ತಿತ್ತು. ಆಕೆ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಬಂದು ನೋಡಿ, "ಹೊಳೀತಿದೆ," ಎನ್ನುತ್ತಿದ್ದಳು. ಆಮೇಲೆ ಅವನು ಸ್ಪಂಜು ಎಲ್ಲಿ, ತಂತಿ ಎಲ್ಲಿ ಎಂದು ತಡವರಿಸುವಷ್ಟರಲ್ಲಿ ಐರನ್ ಸುಮ್ಮನೆ ಉರಿಯುತ್ತ ಉಳಿಯತೊಡಗಿತು. ಹೊದಿಕೆ ಹೊದಿಸಿದೆ ಎಂದು ಅವನು ಅಂದುಕೊಂಡ ಸೀಸ ತಟ್ಟೆಗೆ ಬಿದ್ದಿರುತ್ತಿತ್ತು. ಒಂದು ಸಂಜೆ ಆಕೆ, "ಸ್ವಲ್ಪ ಕಪ್ಪಾಗಿದೆ ಕಣ್ರೀ," ಎಂದಳು.

ಅವನು ಐರನ್ನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಡವುತ್ತ ಸ್ವಿಚ್ ಆರಿಸಿ, ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಾರನೆಯ ದಿನವೂ ಏಳಲಿಲ್ಲ. ಅನ್ನ ಕಲಸಿ ಕೊಟ್ಟರೆ ಎರಡು ತುತ್ತು. ಯಾರು ಬಂದು ಕೂಗಿದರೂ ಓ ಎನ್ನಲಿಲ್ಲ. ಮನೆಯಲ್ಲಿ ರಾಳದ ವಾಸನೆ ಹೋಗಿ ಹಾಸಿಗೆಯ ವಾಸನೆ ಬಂತು. ಹೀಗೇ ಬಿಟ್ಟರೆ ಈ ಮನುಷ್ಯ ನನ್ನ ಕಣ್ಣೆದುರೇ ಆರಿಹೋಗುತ್ತಾನೆ ಎಂದು ಆಕೆಗೆ ದಿಗಿಲಾಯಿತು.

ಆಕೆಯೇ ಹೋಗಿ ಐರನ್ ಕಾಯಿಸಿದಳು. ಅವನನ್ನು ರಟ್ಟೆ ಹಿಡಿದು ಕರೆತಂದು ಕೂರಿಸಿದಳು. "ನಾನು ಅವತ್ತು ಬೆಳಕಲ್ಲಿ ಸರಿಯಾಗಿ ನೋಡಿರಲಿಲ್ಲ. ಹೊಳೀತಿದೆ. ಕನ್ನಡಿ ಹಾಗೆ."

"ನಿಜವಾಗ್ಲೂ?"

"ನಿಮ್ಮಾಣೆ."

ಅವನ ಬೆನ್ನು ನೆಟ್ಟಗಾಯಿತು. ಆಮೇಲೆ ದಿನಾ ಕೇಳಿದ, ದಿನಾ ಹೇಳಿದಳು. ಒಮ್ಮೆ ಯಾರೋ ರೇಡಿಯೊ ಹಿಡಿದು ತಿರುಗಿ ಬಂದರು, ಎರಡೇ ದಿನಕ್ಕೆ ನಿಂತಿದೆ ಎಂದು. "ಮಲಗಿದಾರೆ, ಇಟ್ಟು ಹೋಗಿ," ಎಂದು ಬಾಗಿಲಲ್ಲೇ ತೆಗೆದುಕೊಂಡು, ಮುಂದಿನ ಬೀದಿಯ ಅಂಗಡಿಯಲ್ಲಿ ಸರಿಮಾಡಿಸಿ ಕೊಟ್ಟಳು. ರೇಡಿಯೊ ತಾನೆ, ನಿಂತರೆ ಏನಾಗುತ್ತದೆ? ಹಾಗೆಂದು ಸಮಾಧಾನ ಮಾಡಿಕೊಂಡಳು. ಹೀಟರು ಬಂದಾಗ, ಫ್ಯಾನು ಬಂದಾಗ ಎದೆ ಸ್ವಲ್ಪ ಹೆಚ್ಚು ಹೊಡೆದುಕೊಂಡಿತು. ಆದರೆ ಅವನು ಸಣ್ಣಗೆ ಶಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದ. ಶಿಳ್ಳೆ ಕೇಳಿಸುತ್ತಿರುವವರೆಗೆ ಆಕೆ ಅಡುಗೆಮನೆಯಿಂದ ಆಚೆ ಬರುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತವನು ನೀರಿನ ಲೋಟಕ್ಕೆ ಕೈ ಚಾಚಿದ್ದ. ಲೋಟ ಸಿಗಲಿಲ್ಲ ಎಂದು ಆಕೆ ಎತ್ತಿ ಕೊಡಲು ಬಾಗುವಷ್ಟರಲ್ಲಿ ತಟ್ಟೆಯ ಮೇಲೆ ಒರಗಿದ್ದ.

*

ಮಣ್ಣಿನಿಂದ ಬರುವಾಗ ಆಕೆಯೂ ಗಡಿಯಾರದವನೂ ವ್ಯಾನಿನ ಹಿಂದಿನ ಸೀಟಿನಲ್ಲಿದ್ದರು. ಮುಂದೆ ಎದುರು ಮನೆಯ ಡ್ರೈವರ್, ಚಪ್ಪಲಿ ಅಂಗಡಿಯ ಮಾಲೀಕನಿಗೆ ಮೆಲ್ಲಗೆ ಏನೋ ಹೇಳುತ್ತಿದ್ದ.

"ದಿನಾ ಹೊಳೀತಿದೆ ಅಂತಿದ್ದೆ," ಎಂದಳು ಆಕೆ ಕಿಟಕಿಯ ಕಡೆ ನೋಡುತ್ತ. "ಅವರು ನಂಬ್ತಿದ್ರು."

ಗಡಿಯಾರದವನು ಉಗುರಿನ ಸಂದಿಯ ಮಣ್ಣನ್ನು ತೆಗೆಯುತ್ತಿದ್ದ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಕಪ್ಪು ಮೂತಿಗೆ ಸೀಸ ತಾಗಿಸಿದ್ರೆ ಅದು ಜಾರುತ್ತೆ. ಕೈಗೆ ಗೊತ್ತಾಗುತ್ತೆ. ಕಣ್ಣು ಪೂರ್ತಿ ಹೋದವನಿಗೂ ಗೊತ್ತಾಗುತ್ತೆ."

"ಹಾಗಂದ್ರೆ?"

"ಅಷ್ಟೇ. ಗೊತ್ತಾಗುತ್ತೆ ಅಂದೆ."

ಆಕೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಂಗಡಿಗಳು, ಕಂಬಗಳು, ಬಸ್ಸಿಗೆ ಕಾಯುವ ಜನ ಹಿಂದೆ ಹಿಂದೆ ಹೋದರು. ಬೀದಿಯ ತಿರುವು ಬರುವ ಮೊದಲೇ ಆಕೆ ಎದ್ದು ನಿಂತಿದ್ದಳು.

ಮನೆ ತೊಳೆದಾಗಿತ್ತು. ಡ್ರೈವರನ ಹೆಂಡತಿ ಸೀರೆ ಎತ್ತಿಕಟ್ಟಿ ಮೆಟ್ಟಿಲ ಮೇಲೆ ನೀರು ತಳ್ಳುತ್ತಿದ್ದಳು. ಡಬ್ಬಿ ಒದ್ದೆಯಾಗದಂತೆ ಕಿಟಕಿಯ ಕಟ್ಟೆಯ ಮೇಲಿತ್ತು.

"ಆ ಡಬ್ಬಿ ಕೂಗ್ತಾ?" ಎಂದು ಕೇಳಿದಳು ಹೊಗೆಯಣ್ಣನ ಹೆಂಡತಿ.

"ಇಲ್ಲಕ್ಕ. ಬೆಳಗ್ಗಿಂದ ಒಂದು ಸಲಾನೂ ಕೂಗಿಲ್ಲ. ಇವತ್ತು ಅತ್ತೆ ಒಳ್ಳೆ ನಿದ್ದೇಲಿದಾರೆ ಅಂತ ಕಾಣುತ್ತೆ. ಬೇರೆ ದಿನ ಆಗಿದ್ರೆ ಇಷ್ಟೊತ್ತಿಗೆ ಹತ್ತು ಸಲ..."

ಅವಳ ಮಾತು ಮುಗಿಯುವ ಮೊದಲೇ ಆಕೆ ಬೀದಿ ದಾಟಿದ್ದಳು. ಒಂದು ಸ್ಕೂಟರು ಬ್ರೇಕು ಹಾಕಿ ಬೈದುಕೊಂಡು ಹೋಯಿತು. ಎದುರು ಮನೆಯ ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಒಳಗೆ ಒಂದು ಚೂರೂ ಸದ್ದಿರಲಿಲ್ಲ.

ಟೀಚರಮ್ಮ ಮಂಚದ ಮೇಲಿರಲಿಲ್ಲ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿದ್ದಿದ್ದರು. ಒಂದು ತೋಳು ಮೈಯ ಕೆಳಗೆ ಮಡಚಿಕೊಂಡಿತ್ತು. ಹಣೆ ಗೋಡೆಗೆ ಒತ್ತಿಕೊಂಡು ನೀಲಿಗಟ್ಟಿತ್ತು. ಹೊದಿಕೆ ಕಾಲಿಗೆ ಸುತ್ತಿಕೊಂಡಿತ್ತು. ಇನ್ನೊಂದು ಕೈ ಎದೆಯ ಮೇಲಿತ್ತು, ಅದರಲ್ಲಿ ಗುಂಡಿ. ಹೆಬ್ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು.

ಹೊಗೆಯಣ್ಣನ ಹೆಂಡತಿ ಚೀರಿದ್ದಕ್ಕೆ ಎಲ್ಲರೂ ಓಡಿಬಂದರು. ಡ್ರೈವರನೂ ಗಡಿಯಾರದವನೂ ಸೇರಿ ಎತ್ತಿ ಮಲಗಿಸಿದರು. ಬೀದಿಯ ಕೊನೆಯ ಮನೆಯ ನರ್ಸನ್ನು ಕರೆಸಿದರು. ನರ್ಸು ತೋಳನ್ನು ಹಿಂದೆ ಮುಂದೆ ಆಡಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಮೂಳೆ ಮುರಿದಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದಿದ್ರೆ ಉಸಿರು ಕಟ್ಟೋದು," ಎಂದಳು.

"ಎಷ್ಟು ಒತ್ತಿದೆ," ಎಂದರು ಟೀಚರಮ್ಮ. ಕೇಳಲು ಎಲ್ಲರೂ ಬಗ್ಗಬೇಕಾಯಿತು. "ಯಾಕೋ ಯಾರೂ ಬರ್ಲಿಲ್ಲ?"

ಡ್ರೈವರ್ ಗುಂಡಿಯನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿದ. ಹೆಂಡತಿಯ ಕೈಯಲ್ಲಿದ್ದ ಡಬ್ಬಿ ಮೂಕವಾಗಿತ್ತು. "ಬ್ಯಾಟರಿ ಮುಗಿದಿರ್ಬೇಕು," ಎಂದ.

"ಹೌದು, ಬ್ಯಾಟರಿಯೇ ಇರ್ಬೇಕು," ಎಂದ ಗಡಿಯಾರದವನು ತಕ್ಷಣ. "ಕೊಡಿ ಇಲ್ಲಿ, ನಾನು..."

"ಬ್ಯಾಟರಿ ಅಲ್ಲ," ಎಂದಳು ಹೊಗೆಯಣ್ಣನ ಹೆಂಡತಿ.

ಎಲ್ಲರೂ ತಿರುಗಿದರು. ಆಕೆ ಅವರನ್ನೆಲ್ಲ ಪಡಸಾಲೆಗೆ ಕರೆದುಕೊಂಡು ಬಂದು, ಬಾಗಿಲು ಎಳೆದು ಹೇಳಿದಳು. ನಮ್ಮನೆಯವರಿಗೆ ಕಾಣುತ್ತಿರಲಿಲ್ಲ. ಐರನ್ ಸತ್ತು ತಿಂಗಳುಗಳೇ ಆಗಿದ್ದವು. ನನಗೆ ಗೊತ್ತಿತ್ತು. ಕೇಳಿದಾಗಲೆಲ್ಲ ಸರಿಯಿದೆ ಅಂದೆ. ಅವರು ಒಂದು ವರ್ಷದಿಂದ ಈಚೆಗೆ ಮುಟ್ಟಿದ ಯಾವುದನ್ನೂ ನಂಬಬೇಡಿ.

ಡ್ರೈವರ್ ಗೋಡೆಗೆ ಒರಗಿದ. "ಬೆಳಗ್ಗೆ ನಿಮ್ಮೆದುರಿಗೇ ತೋರಿಸಿದೆನಲ್ಲ ಅಕ್ಕ. ಕೈಯಲ್ಲಿ ಹಿಡಿದು ತೋರಿಸಿದೆ."

"ಹೌದು, ನೀನು ತೋರಿಸಿದೆ," ಎಂದಳು ಆಕೆ.

"ಆಗ ಒಂದು ಮಾತು ಹೇಳಬಾರದಿತ್ತಾ? ನಮ್ಮಮ್ಮ ಸತ್ತೇ ಹೋಗಿದ್ರೆ?"

ಆಕೆ ತಲೆ ತಗ್ಗಿಸಲಿಲ್ಲ. ಗಡಿಯಾರದವನು, "ಬೇಡ ಅಂದಿದ್ದು ನಾನು," ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಮೂಲೆಮನೆಯವಳು, "ಅಯ್ಯೋ, ಹೀಟರು ಹಾಕಿ ಬಂದಿದೀನಿ," ಎಂದವಳೇ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಅವಳ ಹಿಂದೆ ಫ್ಯಾನಿನವನು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬೀದಿಯುದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಒಳಗೆ ಪ್ಲಗ್ಗುಗಳನ್ನು ಕೀಳುವ ಸದ್ದು, ಹೆಸರು ಹಿಡಿದು ಕೂಗುವ ಸದ್ದು. ಗಡಿಯಾರದವನು ಒಂದು ಗೋಣಿಚೀಲ ಹಿಡಿದು ಮೊದಲನೆಯ ಮನೆಯಿಂದ ಶುರುಮಾಡಿದ. ಸಂಜೆಯಾದರೂ ಎಷ್ಟೋ ಮನೆಗಳಲ್ಲಿ ದೀಪ ಹಚ್ಚಲು ಜನ ಹೆದರಿದರು.

ಡ್ರೈವರನ ಹೆಂಡತಿ ಒಂದು ನೂಲಿನ ದಾರ ತಂದಳು. ಒಂದು ತುದಿಯನ್ನು ಅತ್ತೆಯ ಮಣಿಕಟ್ಟಿಗೆ ಕಟ್ಟಿದಳು, ಇನ್ನೊಂದನ್ನು ಪಡಸಾಲೆಯ ಗೂಡಿನಲ್ಲಿಟ್ಟ ಸ್ಟೀಲ್ ಲೋಟಕ್ಕೆ. ಲೋಟದೊಳಗೆ ನಾಲ್ಕೈದು ಚಮಚ ಹಾಕಿದಳು. "ಎಳೆದ್ರೆ ಬಿದ್ದು ಸದ್ದಾಗುತ್ತೆ. ನಾನು ಮನೆ ಹಿಂದಿರ್ತೀನಿ. ನೀವು ಇರೋದಾದ್ರೆ ಇರಿ," ಎಂದು ಹೊಗೆಯಣ್ಣನ ಹೆಂಡತಿಗೆ ಹೇಳಿ ಹೋದಳು. 'ಅಕ್ಕ' ಅನ್ನಲಿಲ್ಲ.

ಆಕೆ ಮಂಚದ ಪಕ್ಕ ಕೂತಳು. ಟೀಚರಮ್ಮನ ಹಣೆಗೆ ತಣ್ಣೀರಿನ ಬಟ್ಟೆ ಇಟ್ಟಳು.

"ಬೆಲ್ಲು ಕೆಟ್ಟಿದೆ ಅಂತ ಹೊಗೆಯಣ್ಣಂಗೆ ಹೇಳು," ಎಂದರು ಟೀಚರಮ್ಮ ಕಣ್ಣು ಮುಚ್ಚಿಕೊಂಡೇ. "ಮನೇಲಿದಾನಾ?"

ಆಕೆ ಬಟ್ಟೆಯನ್ನು ತಿರುಗಿಸಿ ಹಾಕಿದಳು.

"ಇಲ್ಲ ಟೀಚರಮ್ಮ. ನಿನ್ನೆ ಮಧ್ಯಾಹ್ನ ತೀರಿಹೋದ್ರು. ಇವತ್ತು ಮಣ್ಣು ಮಾಡಿ ಬಂದ್ವಿ."

ಟೀಚರಮ್ಮ ಕಣ್ಣು ತೆರೆದರು. ಆಕೆಯ ಮುಖವನ್ನೂ, ಸೀರೆಯ ಅಂಚಿಗೆ ಮೆತ್ತಿದ್ದ ಕೆಮ್ಮಣ್ಣನ್ನೂ ನೋಡಿದರು. ಬಾಯಿ ತೆರೆಯಿತು, ಅಳು ದನಿಯಾಗಿ ಬರಲಿಲ್ಲ. ಆಮೇಲೆ ಅವರ ಕೈ ದಾರವನ್ನು ಎಳೆಯಿತು. ಪಡಸಾಲೆಯಲ್ಲಿ ಲೋಟ ಉರುಳಿ, ಚಮಚಗಳು ನೆಲದ ತುಂಬ ಚೆಲ್ಲಿದವು. ಹಿತ್ತಿಲಿಂದ ಸೊಸೆ, ಬೀದಿಯಿಂದ ಮಗ ಓಡಿಬಂದು ಬಾಗಿಲಲ್ಲಿ ನಿಂತರು.

ಹೊಗೆಯಣ್ಣನ ಹೆಂಡತಿ ಅವರನ್ನು ದಾಟಿಕೊಂಡು ಹೋಗಿ, ಮೊಣಕಾಲೂರಿ, ಚಮಚಗಳನ್ನು ಒಂದೊಂದಾಗಿ ಆರಿಸಿದಳು. ಲೋಟಕ್ಕೆ ಹಾಕಿದಳು. ಲೋಟವನ್ನು ಗೂಡಿನಲ್ಲಿಟ್ಟು ಕೈ ತೆಗೆಯುವಷ್ಟರಲ್ಲಿ ದಾರ ಬಿಗಿಯಿತು. ಲೋಟ ಮತ್ತೆ ಬಿತ್ತು. ಆಕೆ ಮತ್ತೆ ಮೊಣಕಾಲೂರಿದಳು.